ಹಿಮಗಡ್ಡೆಯ ಮುಂದೆ ರೀಫರ್ ಎಂಜಿನಿಯರ್

ಐನ್ ಖಾಲಿದ್, ದೋಹಾ

ನಾವು ಐಸ್‌ಲ್ಯಾಂಡಿಗೆ ಹೊರಟಿದ್ದೇವೆ ಎಂದಾಗ ಮೈಸೂರಿನಲ್ಲಿರುವ ನನ್ನ ಅಕ್ಕ ಫೋನಿನಲ್ಲಿ ಕೇಳಿದ ಮೊದಲ ಪ್ರಶ್ನೆ, ಅಲ್ಲಿ ಯಾವ ದೇವಸ್ಥಾನವಿದೆ ಎಂಬುದು. ದೇವಸ್ಥಾನವಿಲ್ಲ, ಜ್ವಾಲಾಮುಖಿಗಳಿವೆ ಎಂದೆ. "ಅಲ್ಲಾ ಗಿರಿಜಾ, ಆ ದೋಹಾ ಬಿಸಿಲಲ್ಲಿ ಬೇಯ್ತಿರೋದು ಸಾಲ್ದು ಅಂತ ಬೆಂಕಿ ನೋಡಕ್ಕೆ ಬೇರೆ ಹೋಗ್ತೀಯಾ?" ಎಂದಳು. ಅಕ್ಕನಿಗೆ ಎದುರುತ್ತರ ಕೊಡುವುದು ನನ್ನಿಂದ ಯಾವತ್ತೂ ಆಗಿಲ್ಲ. ನಕ್ಕು ಫೋನಿಟ್ಟೆ.

ಆ ದ್ವೀಪವನ್ನು ಆರಿಸಿದ್ದು ನಾನಲ್ಲ, ನನ್ನ ಗಂಡ ಶ್ರೀಧರ. ಅವರು ಇಪ್ಪತ್ತನಾಲ್ಕು ವರ್ಷ ಕತಾರಿನಲ್ಲಿ, ಮೊದಲು ಊರೊಳಗಿನ ಹಳೆಯ ಬಂದರಿನಲ್ಲಿ, ಆಮೇಲೆ ಹಮದ್ ಬಂದರಿನಲ್ಲಿ, ರೀಫರ್ ಎಂಜಿನಿಯರ್ ಆಗಿದ್ದವರು. ರೀಫರ್ ಎಂದರೆ ಹಡಗಿನಲ್ಲಿ ಬರುವ ತಣ್ಣನೆಯ ಕಂಟೇನರು. ಮನೆಯ ಫ್ರಿಜ್ಜನ್ನು ಲಾರಿಯಷ್ಟು ದೊಡ್ಡದು ಮಾಡಿದರೆ ಹೇಗೋ ಹಾಗೆ. ಹಡಗಿನಿಂದ ಇಳಿದ ಕೂಡಲೇ ಅದಕ್ಕೆ ಕರೆಂಟಿನ ಪ್ಲಗ್ ಸಿಕ್ಕಿಸಬೇಕು, ಅಲಾರಾಂ ಹೊಡೆದರೆ ಓಡಬೇಕು. ಹೊರಗೆ ನಲವತ್ತೆಂಟು ಡಿಗ್ರಿ, ಒಳಗೆ ಮೈನಸ್ ಇಪ್ಪತ್ತು. ಮೀನು ತುಂಬಿದ ಕೆಲವು ಪೆಟ್ಟಿಗೆಗಳ ಕಾಗದಪತ್ರದಲ್ಲಿ ಐಸ್‌ಲ್ಯಾಂಡ್ ಎಂದು ಇರುತ್ತಿತ್ತಂತೆ. ಜನ್ಮದಲ್ಲಿ ಮೀನು ಮುಟ್ಟದ ಮನುಷ್ಯ ಆ ಮೀನಿನ ಊರನ್ನು ಒಮ್ಮೆ ನೋಡಬೇಕೆಂದು ವರ್ಷಗಟ್ಟಲೆ ಹೇಳುತ್ತಿದ್ದರು.

ಈ ಜೂನ್ ಮೊದಲ ವಾರ ಅವರಿಗೆ ಅರವತ್ತು ತುಂಬಿ ನಿವೃತ್ತಿಯಾಯಿತು. ಬಂದರಿನವರು ಕೇಕು ಕತ್ತರಿಸಿ, ಹೆಲ್ಮೆಟ್ಟಿನ ಮೇಲೆ ಎಲ್ಲರೂ ಸಹಿ ಹಾಕಿ ಕೊಟ್ಟರು. ಇನ್ನು ಮೂರು ತಿಂಗಳಲ್ಲಿ ಅವರ ವಾಸದ ಕಾರ್ಡು ಮುಗಿಯುತ್ತದೆ. ಗಂಡನ ಕಾರ್ಡಿಗೆ ಹೆಣೆದುಕೊಂಡ ನನ್ನ ಕಾರ್ಡೂ ಅದರ ಜೊತೆಗೇ ಮುಗಿಯುತ್ತದೆ. ಮೈಸೂರಿನ ವಿಜಯನಗರದಲ್ಲಿ ನಮ್ಮದೊಂದು ಮನೆ ಖಾಲಿಯಿದೆ, ಮಗಳು ಪುಣೆಯಲ್ಲಿ ಕೆಲಸಕ್ಕಿದ್ದಾಳೆ. ಊರಿಗೆ ಹೋಗುವುದೆಂದು ನಾವಿಬ್ಬರೂ ಎಲ್ಲರಿಗೂ ಹೇಳಿಯಾಗಿತ್ತು.

ಅಷ್ಟರಲ್ಲಿ ನನಗೊಂದು ಮೇಲ್ ಬಂತು. ನಾನು ದೋಹಾದ ಬಿನ್ ಮಹಮೂದ್ ಬಡಾವಣೆಯ ಒಂದು ಕ್ಲಿನಿಕ್ಕಿನಲ್ಲಿ ರಕ್ತ ಪರೀಕ್ಷೆಯ ಲ್ಯಾಬ್ ನೋಡಿಕೊಳ್ಳುವವಳು. ನನ್ನನ್ನು ಅವರದೇ ಸ್ಪಾನ್ಸರ್‌ಶಿಪ್ಪಿಗೆ ತೆಗೆದುಕೊಂಡು ಇನ್ನೆರಡು ವರ್ಷ ಇಟ್ಟುಕೊಳ್ಳುತ್ತಾರಂತೆ. ನಾವು ಪ್ರವಾಸದಿಂದ ಮರಳಿದ ಮರುದಿನ, ಭಾನುವಾರ ಆಫೀಸು ತೆರೆಯುವುದರೊಳಗೆ ಉತ್ತರ ಬೇಕು. ಹೆಂಗಸರು ಅರ್ಜಿ ಹಾಕಿ, ಒಪ್ಪಿಗೆ ಸಿಕ್ಕಿದರೆ, ಗಂಡನನ್ನು ತಮ್ಮ ಹೆಸರಿನಲ್ಲಿ ಇರಿಸಿಕೊಳ್ಳಬಹುದು ಎಂದು ಆಫೀಸಿನ ಹುಡುಗಿ ಬಾಯಿಮಾತಿನಲ್ಲಿ ಹೇಳಿದಳು. ಹೆಲ್ಮೆಟ್ಟನ್ನು ಷೋಕೇಸಿನಲ್ಲಿ ಯಾವ ಕೋನದಲ್ಲಿಡಬೇಕೆಂದು ನೋಡುತ್ತಾ ನಿಂತಿದ್ದ ಮನುಷ್ಯನಿಗೆ, ಇನ್ನು ಮೇಲೆ ನನ್ನ ಹೆಸರಿನಲ್ಲಿ ಇರಿ ಎಂದು ಹೇಗೆ ಹೇಳುವುದು? ಹೇಳಲಿಲ್ಲ. ಮೇಲನ್ನು ಫೋನಿನಲ್ಲಿಟ್ಟುಕೊಂಡೇ ವಿಮಾನ ಹತ್ತಿದೆ.

ಚಳಿಬಟ್ಟೆ ಕೊಟ್ಟವಳು ಕೆಳಗಿನ ಮನೆಯ ಸಫಿಯಾ. ಮೂಲ್ಕಿಯವಳು, ಮೂವತ್ತು ವರ್ಷದಿಂದ ಇಲ್ಲೇ ಇರುವ ಬ್ಯಾರಿ ಕುಟುಂಬ. ನಮ್ಮ ಕಡೆಯ ಮನೆಗಳಲ್ಲಿ ಯಾರೂ ಚಳಿಬಟ್ಟೆ ಕೊಳ್ಳುವುದಿಲ್ಲ. ನಾಲ್ಕೈದು ಜಾಕೆಟ್ಟುಗಳು ಮನೆಯಿಂದ ಮನೆಗೆ ತಿರುಗುತ್ತಿರುತ್ತವೆ, ಹೊರಟವರು ಹಾಕಿಕೊಳ್ಳುತ್ತಾರೆ. "ಗಿರಿಜಕ್ಕ, ಈ ಜಾಕೆಟ್ ಜಾರ್ಜಿಯಾಕ್ಕೆ ಎರಡು ಸಲ ಹೋಗಿ ಬಂದಿದೆ ಮಾರಾಯ್ರೆ, ನಿಮಗಿಂತ ಅದಕ್ಕೇ ಅನುಭವ ಹೆಚ್ಚುಂಟು," ಎಂದಳು. ಆಮೇಲೆ, "ಅಲ್ಲಿ ಈಗ ಸೂರ್ಯ ಸರಿಯಾಗಿ ಮುಳುಗುವುದೇ ಇಲ್ವಂತಲ್ಲ, ಹಾಗಾದ್ರೆ ನಮ್ಮವರು ಅಲ್ಲಿ ನೋಂಬು ಬಿಡುವುದು ಯಾವಾಗ? ಕೇಳಿಕೊಂಡು ಬನ್ನಿ," ಎಂದು ಒಂದು ಕೆಲಸವನ್ನೂ ಹಚ್ಚಿದಳು.

ರೇಕ್ಯವಿಕ್

ಈ ಊರಿನ ಹೆಸರಿಗೆ ಹೊಗೆಯ ಕೊಲ್ಲಿ ಎಂದು ಅರ್ಥವಂತೆ. ಹೊಗೆಯಲ್ಲ, ನೆಲದೊಳಗಿನ ಬಿಸಿನೀರಿನ ಹಬೆ. ಆ ನೀರನ್ನೇ ಕೊಳವೆಯಲ್ಲಿ ಹರಿಸಿ ಮನೆ ಬೆಚ್ಚಗಿಡುತ್ತಾರೆ, ಕೆಲವು ಬೀದಿಗಳ ಕಾಲುದಾರಿಯ ಕೆಳಗೂ ಹರಿಸುತ್ತಾರೆ. ಹಿಮ ಬಿದ್ದರೂ ಅಲ್ಲಿ ಜಾರುವುದಿಲ್ಲ. ನಮ್ಮ ದೋಹಾದಲ್ಲಿ ಕೆಲವು ಕಡೆ ನಡೆಯುವ ದಾರಿಗೆ ತಣ್ಣನೆಯ ಗಾಳಿ ಊದುತ್ತಾರಲ್ಲ, ಅದರ ತಲೆಕೆಳಗು. ಇದನ್ನು ಹೇಳಿದ ಮೇಲೆ ನನಗೇ ಒಂದು ವಿಷಯ ಹೊಳೆಯಿತು. ಮೈಸೂರಿನ ಹೆಣ್ಣುಮಗಳಾದ ನಾನು ಹೋಲಿಸಲು ನೆನಪು ಮಾಡಿಕೊಂಡದ್ದು ದೋಹಾವನ್ನು. ಆ ಎಂಟು ದಿನವೂ ಹಾಗೇ ಆಯಿತು.

ಇಲ್ಲಿನ ಜನರ ಕಟ್ಟೆಪುರಾಣವೆಲ್ಲ ನಡೆಯುವುದು ಬಿಸಿನೀರಿನ ಕೊಳದಲ್ಲಿ. ಮೈಸೂರಿನಲ್ಲಿ ಪಾರ್ಕಿನ ಬೆಂಚಿನ ಮೇಲೆ ಕೂತು ಮುನಿಸಿಪಾಲಿಟಿಯನ್ನು ಬೈಯುವ ಹಾಗೆ, ಇವರು ಕತ್ತಿನವರೆಗೆ ನೀರಿನಲ್ಲಿ ಕೂತು ಬೈಯುತ್ತಾರೆ. ನಾವೂ ಹೋದೆವು. ಕೊಳಕ್ಕಿಳಿಯುವ ಮುನ್ನ ಸೋಪು ಹಚ್ಚಿ ಮೈ ತೊಳೆಯಬೇಕು, ಅದೂ ಒಂದು ಎಳೆ ಬಟ್ಟೆಯಿಲ್ಲದೆ, ಎಲ್ಲ ಹೆಂಗಸರ ಎದುರಿಗೆ. ಎಲ್ಲೆಲ್ಲಿ ತೊಳೆಯಬೇಕೆಂದು ಗೋಡೆಯ ಮೇಲೆ ಕೆಂಪು ಗುರುತಿನ ಚಿತ್ರವೇ ಇದೆ. ನಾನು ಈಜುಬಟ್ಟೆಯ ಮೇಲೇ ನೀರು ಚಿಮುಕಿಸಿಕೊಂಡು ನುಸುಳಲು ನೋಡಿದೆ. ಕಾವಲಿಗಿದ್ದ ಅಜ್ಜಿ ನನ್ನ ತೋಳು ಹಿಡಿದು, ಆ ಚಿತ್ರದ ಮುಂದೆ ಶಾಲೆಯ ಮಗುವಿನ ಹಾಗೆ ನಿಲ್ಲಿಸಿದಳು. ದಿನಾ ನೂರು ಜನರ ತೋಳಿಗೆ ಸೂಜಿ ಚುಚ್ಚಿ "ನಾಚಿಕೆ ಏನಮ್ಮಾ, ತೋಳು ಕೊಡಿ" ಎನ್ನುವ ನನಗೆ ತಕ್ಕ ಶಾಸ್ತಿಯಾಯಿತು. ಕಣ್ಣು ಮುಚ್ಚಿಕೊಂಡು ತೊಳೆದುಕೊಂಡೆ.

ಹೊರಗೆ ಶ್ರೀಧರ ಒಂದೊಂದೇ ತೊಟ್ಟಿಯ ಹತ್ತಿರ ಹೋಗಿ ಕೈ ಅದ್ದಿ ನೋಡುತ್ತಿದ್ದರು. ಪ್ರತಿ ತೊಟ್ಟಿಯ ಮೇಲೂ ಅದರ ಉಷ್ಣತೆ ಬರೆದಿರುತ್ತದೆ.

"ಇದು ನಲವತ್ತೆರಡು ಅಂತ ಬರೆದಿದಾರೆ ಕಣೇ. ಇಲ್ಲ, ನಲವತ್ತೊಂದೇ ಇರೋದು," ಎಂದರು.

"ರೀ, ನೀವು ರಿಟೈರ್ ಆಗಿದೀರಿ. ಒಳಗೆ ಇಳೀರಿ."

ಇಳಿದರು. ಆದರೆ ಕೈ ನೀರಿನ ಕೊಳವೆಯ ಬಾಯಿಯ ಮೇಲೆಯೇ ಇತ್ತು.

ಸೀಳಿನ ನಡುವೆ

ರಾಜಧಾನಿಯಿಂದ ಸ್ವಲ್ಪ ದೂರದಲ್ಲಿ ಥಿಂಗ್‌ವೆಟ್ಲಿರ್ ಎಂಬ ಜಾಗವಿದೆ. ಅಮೆರಿಕದ ಕಡೆಯ ಭೂಫಲಕ ಮತ್ತು ಯುರೋಪಿನ ಕಡೆಯದು ಇಲ್ಲಿ ಒಂದನ್ನೊಂದು ಬಿಟ್ಟು ದೂರ ಸರಿಯುತ್ತಿವೆ. ನಡುವಿನ ಸೀಳಿನಲ್ಲಿ ಕಾಲುದಾರಿ. ಎರಡೂ ಕಡೆ ಕಪ್ಪು ಬಂಡೆಯ ಗೋಡೆ. ಬಂಡೆಯ ಸಂದಿಯಲ್ಲಿ ನೇರಳೆ ಬಣ್ಣದ ಪುಟ್ಟ ಹೂವು. ಕೆಳಗಿನ ಬಿರುಕುಗಳಲ್ಲಿ ನಿಂತ ನೀರು ಎಷ್ಟು ತಿಳಿಯಾಗಿದೆಯೆಂದರೆ, ಯಾರೋ ಎಸೆದ ನಾಣ್ಯ ಎಷ್ಟು ಆಳದಲ್ಲಿದೆಯೆಂದು ಹೇಳಲಾಗುವುದಿಲ್ಲ. ಪರೀಕ್ಷಾ ನಳಿಕೆಯಲ್ಲೂ ನಾನು ಅಂಥ ನೀರನ್ನು ನೋಡಿಲ್ಲ.

ವರ್ಷಕ್ಕೆ ಎರಡು ಸೆಂಟಿಮೀಟರಿನಷ್ಟು ದೂರವಾಗುತ್ತಿವೆ ಎಂದು ಅಲ್ಲಿನ ಬೋರ್ಡಿನಲ್ಲಿತ್ತು. ನಾನು ಮನಸ್ಸಿನಲ್ಲೇ ಲೆಕ್ಕ ಹಾಕಿದೆ. ನಮ್ಮ ಮದುವೆಯಾಗಿ ಇಪ್ಪತ್ತೇಳು ವರ್ಷ. ಅಂದರೆ ಅಂದಿನಿಂದ ಈ ಎರಡು ಗೋಡೆಗಳು ಅರ್ಧ ಮೀಟರಿಗಿಂತ ಹೆಚ್ಚು ದೂರ ಹೋಗಿವೆ. ಜಗಳವಿಲ್ಲ, ಸದ್ದಿಲ್ಲ. ದಿನವೂ ನೋಡುತ್ತಿರುವವರಿಗೆ ಗೊತ್ತೇ ಆಗುವುದಿಲ್ಲ. ಫೋನಿನಲ್ಲಿದ್ದ ಮೇಲ್ ನೆನಪಾಗಿ ಹೆಜ್ಜೆ ನಿಧಾನವಾಯಿತು. ಮುಂದೆ ನಡೆಯುತ್ತಿದ್ದ ಶ್ರೀಧರ ತಿರುಗಿ, "ಬಾರೇ, ಕಾಲು ನೋವಾ?" ಎಂದು ಕೇಳಿದರು. ಹೌದು ಎಂದೆ.

ಅಂದೇ ಚಿಮ್ಮುವ ಬಿಸಿನೀರಿನ ಬುಗ್ಗೆಗೂ ಹೋದೆವು. ಹಗ್ಗದ ಸುತ್ತ ನೂರಾರು ಜನ ಫೋನು ಎತ್ತಿ ಹಿಡಿದು ಉಸಿರು ಬಿಗಿಹಿಡಿದು ಕಾಯುತ್ತಾರೆ. ನೆಲದ ಕುಳಿಯಲ್ಲಿನ ನೀರು ಒಮ್ಮೆ ನೀಲಿ ಗುಮ್ಮಟದಂತೆ ಉಬ್ಬುತ್ತದೆ, ಮರುಕ್ಷಣ ನಾಲ್ಕೈದು ಮಹಡಿಯೆತ್ತರಕ್ಕೆ ಹಾರುತ್ತದೆ. ಎಲ್ಲರೂ ಹೋ ಎನ್ನುತ್ತಾರೆ. ಆ ಒಂದು ಗಳಿಗೆ ಯಾವ ದೇಶದವರೆಂದು ಯಾರಿಗೂ ಗೊತ್ತಾಗುವುದಿಲ್ಲ, ಎಲ್ಲರ ಬಾಯೂ ಒಂದೇ ಆಕಾರದಲ್ಲಿ ತೆರೆದಿರುತ್ತದೆ. ಶ್ರೀಧರ ಮಾತ್ರ ಕೈಗಡಿಯಾರ ನೋಡುತ್ತಿದ್ದರು. ಮೊದಲು ಆರು ನಿಮಿಷ, ಆಮೇಲೆ ನಾಲ್ಕು, ಆಮೇಲೆ ಒಂಬತ್ತು. ಇದಕ್ಕೊಂದು ಹೊತ್ತುಗೊತ್ತಿಲ್ಲ ಎಂದು ಅವರಿಗೆ ಸ್ವಲ್ಪ ಬೇಸರವಾಯಿತು.

ಸಿಗ್ರುನ್ ಮನೆಯ ನಲ್ಲಿ

ದಕ್ಷಿಣದ ಬಯಲಿನಲ್ಲಿ ಕುದುರೆ ಸಾಕುವ ಒಂದು ಮನೆಯಲ್ಲಿ ಎರಡು ದಿನ ಉಳಿದೆವು. ಮನೆಯೊಡತಿ ಸಿಗ್ರುನ್, ಅರವತ್ತೈದರ ಆಸುಪಾಸಿನ ಗಟ್ಟಿ ಹೆಂಗಸು, ವಿಧವೆ. ಅಡುಗೆಮನೆಯನ್ನು ನನಗೇ ಬಿಟ್ಟುಕೊಟ್ಟಳು. ಇಲ್ಲಿ ಸ್ಕೀರ್ ಎಂಬ ಗಟ್ಟಿ ಮೊಸರು ಸಿಗುತ್ತದೆ. ಅದರಲ್ಲಿ ಮೊಸರನ್ನ ಮಾಡಿ ದಾರಿಗೆ ಕಟ್ಟಿಕೊಳ್ಳೋಣವೆಂದು ಬೆಳಗ್ಗೆ ಎದ್ದು ಅಕ್ಕಿ ತೊಳೆಯಲು ಹೋದೆ.

ಇಲ್ಲಿ ನಮ್ಮ ಕೊಲ್ಲಿ ಸಂಸಾರದ ಒಂದು ರೂಢಿ ಹೇಳಬೇಕು. ದೋಹಾದಲ್ಲಿ ಬೇಸಗೆ ಬಂತೆಂದರೆ ಮಾಳಿಗೆಯ ಮೇಲಿನ ಟ್ಯಾಂಕಿನ ನೀರು ಕುದಿಯುವ ಹಾಗಾಗುತ್ತದೆ. ನೀಲಿ ಗುರುತಿನ ನಲ್ಲಿ ತಿರುಗಿಸಿದರೆ ಕೈ ಸುಡುತ್ತದೆ. ಅದಕ್ಕೇ ನಾವು ಏಪ್ರಿಲ್ಲಿನಲ್ಲೇ ಗೀಸರ್ ಆರಿಸಿಬಿಡುತ್ತೇವೆ. ಗೀಸರ್ ಇರುವುದು ಮನೆಯೊಳಗೆ, ಏಸಿಯ ತಂಪಿನಲ್ಲಿ. ಅದರೊಳಗೆ ನಿಂತ ನೀರು ತಣ್ಣಗಾಗುತ್ತದೆ. ಹೀಗಾಗಿ ಆರು ತಿಂಗಳು ನಮಗೆ ಕೆಂಪು ನಲ್ಲಿಯೇ ತಣ್ಣೀರು, ನೀಲಿ ನಲ್ಲಿಯೇ ಬಿಸಿನೀರು. ಹೊಸದಾಗಿ ಬಂದ ನೆಂಟರಿಗೆಲ್ಲ ಮೊದಲ ದಿನವೇ ಇದನ್ನು ಪಾಠ ಮಾಡುತ್ತೇವೆ.

ಅವತ್ತು ಸಿಗ್ರುನ್ ಮನೆಯಲ್ಲಿ ಪಾತ್ರೆಗೆ ಅಕ್ಕಿ ಹಾಕಿ, ಬಲಗೈ ಅದರೊಳಗಿಟ್ಟು, ಎಡಗೈಯಲ್ಲಿ ಕೆಂಪು ನಲ್ಲಿಯನ್ನು ಪೂರ್ತಿ ತಿರುಗಿಸಿದೆ. ಬಂದದ್ದು ಭೂಮಿಯ ಹೊಟ್ಟೆಯಿಂದ ನೇರವಾಗಿ ಬರುವ, ಗಂಧಕದ ವಾಸನೆಯ ನೀರು. ಕಿರುಚಿದ್ದು ನಾನೆಂದು ನನಗೆ ಆಮೇಲೆ ಗೊತ್ತಾಯಿತು.

ಸಿಗ್ರುನ್ ಓಡಿ ಬಂದು ನನ್ನ ಮಣಿಕಟ್ಟು ಹಿಡಿದು ನೀಲಿ ನಲ್ಲಿಯ ಕೆಳಗೆ ಇಟ್ಟಳು. ಶ್ರೀಧರ ಪಂಚೆಯಲ್ಲೇ ಬಂದು ಗಡಿಯಾರ ಬಿಚ್ಚಿ ಮುಂದಿಟ್ಟುಕೊಂಡು, "ಇಪ್ಪತ್ತು ನಿಮಿಷ. ಕೈ ತೆಗೀಬೇಡ," ಎಂದರು. ಇಪ್ಪತ್ತು ನಿಮಿಷವೂ ನನ್ನ ಭುಜ ಹಿಡಿದುಕೊಂಡೇ ನಿಂತಿದ್ದರು. ಹಿಮನದಿಯಿಂದ ಬಂದ ಆ ತಣ್ಣೀರಿನಲ್ಲಿ ನಿಧಾನಕ್ಕೆ ಕೈ ಜೋಮು ಹಿಡಿದು ನೋವು ತಗ್ಗಿತು. ಬೆರಳುಗಳ ಮೇಲೆ ಬೊಬ್ಬೆಗಳೆದ್ದವು.

ಹತ್ತಿರದ ಆರೋಗ್ಯ ಕೇಂದ್ರದಲ್ಲಿ ನರ್ಸು ಕಟ್ಟು ಹಾಕಿ, ವಾರದವರೆಗೆ ಆ ಕೈ ಆಡಿಸಬೇಡಿ ಎಂದಳು. ಹೆಸರು ಕೇಳಿದಳು, ಗಿರಿಜಾ ಎಂದೆ. ಕುಲನಾಮ ಕೇಳಲೇ ಇಲ್ಲ. ಈ ಊರಿನಲ್ಲಿ ಕುಲನಾಮವೇ ಇಲ್ಲವಂತೆ. ಹೆಸರಿನ ಜೊತೆಗೆ ಇಂಥವರ ಮಗ, ಇಂಥವರ ಮಗಳು ಎಂದಷ್ಟೇ ಇರುತ್ತದೆ. ಮದುವೆಯಾದರೂ ಹೆಂಗಸರ ಹೆಸರು ಬದಲಾಗುವುದಿಲ್ಲ. ನನ್ನ ಹೆಸರಿನ ಜೊತೆ ನನ್ನ ಅಪ್ಪನ ಹೆಸರಿದೆ, ಶ್ರೀಧರರ ಹೆಸರಿನ ಜೊತೆ ಅವರ ಅಪ್ಪನದು. ಇದರಿಂದಾಗಿ ಕೊಲ್ಲಿಯ ಕೌಂಟರುಗಳಲ್ಲಿ ನಾವು ಗಂಡಹೆಂಡತಿಯೆಂದು ಎಷ್ಟು ಸಲ ಸಾಬೀತು ಮಾಡಿದ್ದೇವೋ! ಭೂಮಿಯ ತುದಿಗೆ ಬಂದ ಮೇಲೆ ಮೊದಲ ಬಾರಿಗೆ ನಮ್ಮ ಹೆಸರುಗಳು ಯಾರಿಗೂ ವಿಚಿತ್ರವೆನಿಸಲಿಲ್ಲ.

ಮಧ್ಯಾಹ್ನ ಶ್ರೀಧರ ಮನೆಯ ಹಿಂದಿನ ಬಿಸಿನೀರಿನ ಕೊಳವೆಗಳನ್ನು ನೋಡಲು ಹೋದಾಗ ಸಿಗ್ರುನ್ ಕಾಫಿ ತಂದಿಟ್ಟಳು. ತಣ್ಣೀರು ಬೇಕಾದವಳು ಬಿಸಿ ನಲ್ಲಿ ಯಾಕೆ ತಿರುಗಿಸಿದೆ ಎಂದು ಕೇಳಿದಳು. ವಿವರಿಸಿದೆ. ಅವಳಿಗೆ ನಂಬಿಕೆಯಾಗಲಿಲ್ಲ. ಇನ್ನೊಮ್ಮೆ ಹೇಳಿದೆ. ಆಗ ಮೇಜು ತಟ್ಟಿ ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ನಾನೂ ನಕ್ಕೆ. ನಗುತ್ತಿದ್ದ ಹಾಗೇ ಅಳು ಬಂತು. ಮೈಸೂರಿನಲ್ಲಿ ಇಪ್ಪತ್ತೆಂಟು ವರ್ಷ ಬೆಳೆದ ಕೈ ಇದು. ಅಲ್ಲಿ ಹಂಡೆಯ ನೀರು ಬಿಸಿ, ನಲ್ಲಿಯ ನೀರು ತಣ್ಣಗೆ. ಅದೆಲ್ಲ ಆ ಕೈಗೆ ಮರೆತೇ ಹೋಗಿದೆ. ನಿದ್ದೆಗಣ್ಣಿನಲ್ಲಿ ಅದಕ್ಕೆ ನೆನಪಿದ್ದದ್ದು ದೋಹಾದ ಮನೆ. ಊರಿಗೆ ಹೋಗುತ್ತೇವೆ ಎಂದು ಎಲ್ಲರಿಗೂ ಹೇಳಿಕೊಂಡು ತಿರುಗುತ್ತಿದ್ದೆನಲ್ಲ, ನನಗೆ ಹೋಗಲು ಮನಸ್ಸಿಲ್ಲವೆಂದು ಅವತ್ತು ಆ ಅಡುಗೆಮನೆಯಲ್ಲಿ ಗೊತ್ತಾಯಿತು.

ಸಿಗ್ರುನ್‌ಗೆ ಎಲ್ಲವನ್ನೂ ಹೇಳಿದೆ. ಮೈಸೂರಿನ ಆಸ್ಪತ್ರೆಯ ಕೆಲಸ ಬಿಟ್ಟು ಗಂಡನ ವೀಸಾದಲ್ಲಿ ಬಂದದ್ದು, ಕೆಲಸ ಮಾಡಲು ಅನುಮತಿಯಿಲ್ಲದೆ ಹನ್ನೊಂದು ವರ್ಷ ಮನೆಯಲ್ಲಿ ಕೂತದ್ದು, ಆಮೇಲೆ ಅನುಮತಿ ಸಿಕ್ಕಿ ಈ ಕ್ಲಿನಿಕ್ಕು ಸೇರಿದ್ದು, ಭಾನುವಾರದೊಳಗೆ ಕೊಡಬೇಕಾದ ಉತ್ತರ.

"ಅವರು ಏನು ಹೇಳುತ್ತಾರೆ?" ಎಂದು ಕೇಳಿದಳು.

"ಅವರಿಗೆ ಗೊತ್ತಿಲ್ಲ."

ಸಿಗ್ರುನ್ ಲೋಟ ಕೆಳಗಿಟ್ಟಳು. "ನಾನು ಗಂಡನ ಜೊತೆ ಮೂವತ್ತು ವರ್ಷ ಇದ್ದೆ. ಅವನ ಕುದುರೆಗಳ ಮನಸ್ಸಿನಲ್ಲಿ ಏನಿದೆ ಎಂದು ಹೇಳಬಲ್ಲವಳಾಗಿದ್ದೆ. ಅವನ ಮನಸ್ಸಿನದನ್ನು ಕೇಳಿಯೇ ತಿಳಿಯಬೇಕಿತ್ತು," ಎಂದಳು. ಆಮೇಲೆ ಎದ್ದು ನನ್ನ ಮೊಸರನ್ನವನ್ನು ನಾನು ಹೇಳಿದ ಹಾಗೆ ತಾನೇ ಕಲೆಸಿದಳು. ಒಗ್ಗರಣೆಯ ಸಾಸಿವೆ ಸಿಡಿದಾಗ ಮಾತ್ರ ಹೆದರಿ ಹಿಂದೆ ಹಾರಿದಳು.

ವಿಕ್

ಬಲಗೈಯಿಲ್ಲದ ಹೆಂಗಸು ಎಷ್ಟು ಅಸಹಾಯಕಳೆಂದು ನನಗೆ ಗೊತ್ತಿರಲಿಲ್ಲ. ಜಾಕೆಟ್ಟಿನ ಜಿಪ್ಪು, ಶೂ ಲೇಸು, ಕೊನೆಗೆ ಜಡೆ, ಎಲ್ಲವೂ ಶ್ರೀಧರರ ಪಾಲಿಗೆ ಬಂತು. ಜಡೆಯನ್ನು ಅವರು ಕೇಬಲ್ಲು ಕಟ್ಟುವ ಹಾಗೆ ಎಳೆದು ಬಿಗಿದರು. ಹುಬ್ಬು ಮೇಲೆ ಹೋಗಿ ಇಡೀ ದಿನ ನಾನು ಆಶ್ಚರ್ಯಪಟ್ಟವಳ ಹಾಗೆ ಕಾಣುತ್ತಿದ್ದೆ. "ಬಿಚ್ಚಲ್ಲ ನೋಡು, ಗ್ಯಾರಂಟಿ," ಎಂದು ಹೆಮ್ಮೆಪಟ್ಟುಕೊಂಡರು.

ವಿಕ್ ಎಂಬುದು ಕಡಲ ತೀರದ ಸಣ್ಣ ಊರು. ಪಕ್ಕದ ತೀರದ ಮರಳು ಕಪ್ಪು, ಇದ್ದಿಲಿನಂತಲ್ಲ, ಒದ್ದೆ ಎಳ್ಳಿನಂತೆ. ಹಿಂದೆ ಕಲ್ಲಿನ ಕಂಬಗಳ ಗುಡ್ಡ. ಬೆಂಕಿಯಾಗಿ ಹರಿದ ಕಲ್ಲು ಆರುವಾಗ ತಾನಾಗಿ ಸೀಳಿ ಕಂಬಗಳಾಗಿ ನಿಂತದ್ದಂತೆ. ಯಾವ ಶಿಲ್ಪಿಯೂ ಮುಟ್ಟಿಲ್ಲ. ಅಲೆಗಳಿಗೆ ಬೆನ್ನು ಹಾಕಬೇಡಿ, ಎಳೆದೊಯ್ಯುತ್ತವೆ ಎಂದು ದೊಡ್ಡ ಫಲಕವಿದೆ. ನಾವಿಬ್ಬರೂ ಕಲ್ಲಿನ ಮೇಲೆ ಸಮುದ್ರಕ್ಕೆ ಮುಖ ಮಾಡಿ ವಿಧೇಯರಾಗಿ ಕೂತೆವು.

ಆಗ ಶ್ರೀಧರರ ಫೋನು ಬಡಿದುಕೊಂಡಿತು. ಬಂದರಿನಲ್ಲಿ ಅವರ ಜಾಗಕ್ಕೆ ಬಂದ ಹೊಸ ಎಂಜಿನಿಯರ್. ಯಾವುದೋ ಪೆಟ್ಟಿಗೆಯ ಅಲಾರಾಂ ನಿಲ್ಲುತ್ತಿಲ್ಲವಂತೆ. ನನ್ನ ಗಂಡ ಎದ್ದು ನಿಂತರು. ಆ ಗಾಳಿಯಲ್ಲಿ ಒಂದು ಕಿವಿ ಮುಚ್ಚಿಕೊಂಡು ಹಿಂದಿಯಲ್ಲಿ ಕೂಗಿ ಕೂಗಿ ಹೇಳಿದರು. ಫ್ಯಾನು ನೋಡು, ಸೆನ್ಸರು ನೋಡು, ಬಾಗಿಲ ರಬ್ಬರು ನೋಡು. ಹತ್ತು ನಿಮಿಷದಲ್ಲಿ ಹತ್ತು ವರ್ಷ ಚಿಕ್ಕವರಾದರು. "ಯಲ್ಲಾ, ಖಲಾಸ್!" ಎಂದು ಅರಬ್ಬಿಯಲ್ಲಿ ಮಾತು ಮುಗಿಸಿ ಫೋನಿಟ್ಟು, "ರಬ್ಬರೇ ಹೋಗಿತ್ತು ಕಣೇ. ನಾನು ಆಗಲೇ ಅಂದ್ಕೊಂಡೆ," ಎಂದು ನಕ್ಕರು. ಅಷ್ಟು ನಕ್ಕದ್ದನ್ನು ನಾನು ಕೇಕು ಕತ್ತರಿಸಿದ ದಿನದ ನಂತರ ನೋಡಿರಲಿಲ್ಲ.

ಮರುದಿನ ಅವರು ಫೋನನ್ನು ಕಾರಿನ ಡ್ಯಾಷ್‌ಬೋರ್ಡಿನ ಮೇಲೇ ಇಟ್ಟುಕೊಂಡು ಓಡಿಸಿದರು. ದಾರಿಯುದ್ದಕ್ಕೂ ಲಾವಾ ಹರಿದು ಗಡ್ಡೆಕಟ್ಟಿದ ಬಯಲು, ಅದರ ಮೇಲೆ ಮೊಣಕಾಲೆತ್ತರದ ಹಾಸಿಗೆಯಂತೆ ಬೂದು ಹಸಿರು ಪಾಚಿ. ಒಂದು ಹೆಜ್ಜೆಯಿಟ್ಟರೆ ಆ ಗುರುತು ಮಾಯಲು ನಮ್ಮ ಆಯುಸ್ಸು ಸಾಲದಂತೆ. ಮೈಲಿಗಟ್ಟಲೆ ಅದೇ. ನಾನು ಪಾಚಿ ನೋಡುತ್ತಿದ್ದೆ, ಅವರು ಫೋನು ನೋಡುತ್ತಿದ್ದರು. ಅದು ಬಡಿದುಕೊಳ್ಳಲಿಲ್ಲ. ಮೈಸೂರಿನ ಖಾಲಿ ಮನೆಯಲ್ಲಿ ಇವರು ಹೀಗೇ ಒಂದು ಫೋನು ಮುಂದಿಟ್ಟುಕೊಂಡು ಕೂತಿರುವುದು ಕಣ್ಣಿಗೆ ಕಟ್ಟಿತು.

ಹಿಮದ ಕೊಳ

ಶುಕ್ರವಾರ ಮಧ್ಯಾಹ್ನ ಯೋಕುಲ್ಸಾರ್ಲೋನ್ ತಲುಪಿದೆವು. ದೊಡ್ಡ ಹಿಮನದಿಯೊಂದು ಬೆಟ್ಟದಿಂದ ಇಳಿದು ಬಂದು ಇಲ್ಲಿ ಒಡೆಯುತ್ತದೆ. ಮನೆಯಷ್ಟು ದೊಡ್ಡ ಹಿಮಗಡ್ಡೆಗಳು ಕೊಳದಲ್ಲಿ ತೇಲುತ್ತಾ, ಕರಗುತ್ತಾ, ಸಣ್ಣ ಕಾಲುವೆಯೊಂದರಲ್ಲಿ ತೂರಿ ಸಮುದ್ರ ಸೇರುತ್ತವೆ. ಬಿಳಿ ಎಂದುಕೊಂಡು ಹೋಗಿದ್ದೆ. ಬಿಳಿಯಲ್ಲ, ನೀಲಿ. ನಡುನಡುವೆ ಜ್ವಾಲಾಮುಖಿಯ ಬೂದಿಯ ಕಪ್ಪು ಗೆರೆಗಳು. ಬೆಂಕಿ ಉಗುಳಿದ್ದನ್ನೆಲ್ಲ ಹಿಮ ಪದರ ಪದರವಾಗಿ ಎತ್ತಿಟ್ಟುಕೊಂಡಿದೆ. ಸೀಲ್ ಒಂದು ತಲೆಯೆತ್ತಿ ನಮ್ಮನ್ನು ನೋಡಿ ಮುಳುಗಿತು. ಇದಕ್ಕಿಂತ ಹೆಚ್ಚು ನಾನು ಬರೆಯಲಾರೆ, ನೀವೇ ಹೋಗಿ ನೋಡಬೇಕು.

ನನ್ನ ಅಜ್ಜಿ ಹುಡುಗಿಯಾಗಿದ್ದಾಗ ಈ ಕೊಳವೇ ಇರಲಿಲ್ಲವಂತೆ. ನಾವು ನಿಂತಿದ್ದ ಜಾಗದವರೆಗೂ ಹಿಮವೇ ಇತ್ತಂತೆ.

ದಡಕ್ಕೆ ಬಂದು ಬಿದ್ದಿದ್ದ ಒಂದು ಗಡ್ಡೆಯ ಮುಂದೆ ಶ್ರೀಧರ ಕುಕ್ಕರುಗಾಲಿನಲ್ಲಿ ಕೂತು, ಕೈಗವಸು ಬಿಚ್ಚಿ ಅಂಗೈ ಇಟ್ಟರು. ಬಹಳ ಹೊತ್ತು ಹಾಗೇ ಇದ್ದರು. ತೆಗೆದಾ‌ಗ ಅಂಗೈ ಕೆಂಪಾಗಿತ್ತು, ಮೊಣಕೈವರೆಗೆ ನೀರು ಇಳಿದಿತ್ತು.

"ಗಿರಿಜಾ, ಇದಕ್ಕೆ ಪ್ಲಗ್ ಕಿತ್ತು ಹೋಗಿದೆ ಕಣೇ," ಎಂದರು.

ನಾನು ಅವರ ಪಕ್ಕಕ್ಕೆ ಹೋಗಿ ನಿಂತೆ.

"ನಮ್ಮಲ್ಲಿ ಒಂದು ಬಾಕ್ಸಿಗೆ ಕರೆಂಟ್ ಹೋದ್ರೆ ಅಲಾರಾಂ ಹೊಡ್ಕೊಳ್ಳುತ್ತೆ. ಯಾರಾದ್ರೂ ಓಡಿ ಬರ್ತಾರೆ. ಇಪ್ಪತ್ತನಾಲ್ಕು ವರ್ಷ ನಾನೇ ಓಡಿದೀನಿ. ಇಲ್ಲಿ ನೋಡು, ಎಲ್ರೂ ಫೋಟೋ ತೆಗೀತಿದಾರೆ."

ನಾವೂ ತೆಗೆದಿದ್ದೆವು. ನಾನು ಎಡಗೈಯಿಂದ ಅವರ ಆ ಒದ್ದೆ ಕೈ ಹಿಡಿದು ಎಬ್ಬಿಸಿ ಕಾರಿಗೆ ಕರೆತಂದೆ. ಬಾಗಿಲು ಹಾಕಿದ ಮೇಲೆ ಗಾಳಿಯ ಸದ್ದು ನಿಂತಿತು. ಇನ್ನು ತಡೆಯಲಾಗಲಿಲ್ಲ. ಕ್ಲಿನಿಕ್ಕಿನ ಮೇಲ್ ಬಂದ ವಿಷಯವನ್ನು ಒಂದೇ ಉಸಿರಿಗೆ ಹೇಳಿಬಿಟ್ಟೆ.

ಅವರು ಮುಂದಿನ ಗಾಜನ್ನೇ ನೋಡುತ್ತಿದ್ದರು. "ಎರಡು ವರ್ಷನಾ?"

"ಹೂಂ."

"ಸೈನ್ ಮಾಡು."

"ಅಷ್ಟೇನಾ?"

"ಇನ್ನೇನು? ಒಳ್ಳೇ ಕೆಲಸ, ನಿನಗೆ ಇಷ್ಟ ಬೇರೆ. ನಾನು ಮೈಸೂರಲ್ಲಿ ಮನೆ ಸರಿಮಾಡಿಸ್ಕೊಂಡು ಇರ್ತೀನಿ. ಎರಡು ವರ್ಷ ಏನ್ ಮಹಾ."

ನನಗೆ ಸಿಟ್ಟು ಉಕ್ಕಿತು. ಬೇಡ ಎನ್ನಬಹುದಿತ್ತು, ಇಷ್ಟು ದಿನ ಯಾಕೆ ಮುಚ್ಚಿಟ್ಟೆ ಎಂದು ಬೈಯಬಹುದಿತ್ತು. "ನನ್ನ ಬಿಟ್ಟು ಇರೋದು ಅಷ್ಟು ಸುಲಭನಾ ನಿಮಗೆ?" ಎಂದೆ.

"ಸೈನ್ ಮಾಡ್ಲಾ ಅಂತ ಕೇಳ್ದೆ, ಮಾಡು ಅಂದೆ. ಜೊತೇಲಿ ಇರ್ತೀರಾ ಅಂತ ಎಲ್ಲಿ ಕೇಳ್ದೆ ನೀನು?"

"ನೀವು ಕೇಳಿದ್ರಾ?" ನನ್ನ ದನಿ ಏರಿತು. "ಇಪ್ಪತ್ತನಾಲ್ಕು ವರ್ಷದ ಹಿಂದೆ ಬರ್ತೀಯಾ ಅಂತ ಒಂದು ಮಾತು ಕೇಳಿದ್ರಾ? ವೀಸಾ ಕಳಿಸಿದ್ರಿ. ನಾನು ಆಸ್ಪತ್ರೆಗೆ ರಾಜೀನಾಮೆ ಬರೆದು ವಿಮಾನ ಹತ್ತಿದೆ."

ಪಕ್ಕದಲ್ಲಿ ಬಸ್ಸೊಂದು ಬಂದು ನಿಂತು ಜನ ಇಳಿದು ಕೊಳದ ಕಡೆ ಓಡಿದರು. ಶ್ರೀಧರ ಒದ್ದೆ ಅಂಗೈಯನ್ನು ಪ್ಯಾಂಟಿಗೆ ಒರೆಸಿಕೊಂಡರು.

"ಕೇಳ್ಲಿಲ್ಲ," ಎಂದರು ಕೊನೆಗೆ. "ಕೇಳಿದ್ರೆ ಬರಲ್ಲ ಅಂದ್ಬಿಡ್ತೀಯೇನೋ ಅಂತ ಭಯ ಆಗಿತ್ತು."

ಇಷ್ಟು ವರ್ಷದಲ್ಲಿ ಈ ಮಾತನ್ನು ಅವರು ಹೇಳಿರಲಿಲ್ಲ. ಅವರಿಗೆ ಅದೊಂದು ಯೋಚನೆಯೇ ಆಗಿರಲಿಲ್ಲ, ಹೆಂಡತಿ ಬಂದೇ ಬರುತ್ತಾಳೆ ಎಂದುಕೊಂಡಿದ್ದರು ಎಂದೇ ನಾನು ನಂಬಿದ್ದೆ. ಅದೇ ನಂಬಿಕೆಯ ಮೇಲೆ ಒಳಗೊಳಗೇ ಎಷ್ಟೋ ವರ್ಷ ಮುನಿಸಿಕೊಂಡಿದ್ದೆ. ಈಗ ನೋಡಿದರೆ, ಎಂಟು ದಿನದಿಂದ ನನ್ನ ಬಾಯಿ ಕಟ್ಟಿಹಾಕಿದ್ದೂ ಅದೇ ಭಯ.

"ರೀ," ಎಂದೆ. "ದೋಹಾದಲ್ಲಿ ನನ್ನ ಜೊತೆ ಇರ್ತೀರಾ? ನನ್ನ ಸ್ಪಾನ್ಸರ್‌ಶಿಪ್ಪಲ್ಲಿ?"

ಅವರು ನನ್ನ ಕಡೆ ತಿರುಗಿದರು. ಕಣ್ಣು ಒರೆಸಿಕೊಂಡರು, ಮುಚ್ಚಿಡಲು ಹೋಗಲಿಲ್ಲ.

"ಫೋನ್ ಕೊಡು. ನಿನ್ನ ಕೈಯಲ್ಲಿ ಟೈಪ್ ಮಾಡಕ್ಕಾಗಲ್ಲ."

ನಾನು ಹೇಳುತ್ತಾ ಹೋದೆ, ಅವರು ಒಂದೇ ಬೆರಳಿನಲ್ಲಿ ಒತ್ತುತ್ತಾ ಹೋದರು. ನಿಮ್ಮ ಅವಕಾಶಕ್ಕೆ ಧನ್ಯವಾದ, ಎರಡು ವರ್ಷಕ್ಕೆ ಒಪ್ಪಿದ್ದೇನೆ, ನನ್ನ ಗಂಡನೂ ನನ್ನೊಂದಿಗೆ ಇರುತ್ತಾರೆ, ಅವರ ಅರ್ಜಿಗೆ ಏನೇನು ಬೇಕು ತಿಳಿಸಿ. ಬರೆದದ್ದನ್ನು ಅವರು ಗಟ್ಟಿಯಾಗಿ ಓದಿದರು. ಗಂಡ ಎಂದು ನಾನು ಹೇಳಿದ ಕಡೆ ಅವರು "ಡಿಪೆಂಡೆಂಟ್ ಹಸ್ಬೆಂಡ್" ಎಂದು ಹಾಕಿದ್ದರು.

"ಡಿಪೆಂಡೆಂಟ್ ಅನ್ನೋದು ತೆಗೀರಿ. ಬರೀ ಹಸ್ಬೆಂಡ್ ಅಂದ್ರೆ ಸಾಕು," ಎಂದೆ. ಆ ಪದ ಅವರಿಗೆ ಚುಚ್ಚುತ್ತದೆ ಎಂದು ನನಗೆ ಗೊತ್ತಿತ್ತು.

"ಇರಲಿ ಬಿಡೇ," ಎಂದರು. "ಇಪ್ಪತ್ತನಾಲ್ಕು ವರ್ಷ ಕಾರ್ಡಿನಲ್ಲಿ ನಿನ್ನ ಹೆಸರಿನ ಮುಂದೆ ಅದೇ ಇತ್ತು. ನಿನಗೆ ಹೇಗನಿಸುತ್ತೆ ಅಂತ ನಾನು ಒಂದು ದಿನಾನೂ ಕೇಳ್ಲಿಲ್ಲ."

ಹಾಗೆಂದು ಕಳಿಸುವ ಗುಂಡಿ ಒತ್ತಿದರು.